ಮುರಿಯುವುದು ನಾನು, ರಿಪೇರಿ ಕೋಶದ್ದು

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಅಪ್ಪ ಎರಡು ಪ್ರಶ್ನೆ ಕೇಳಿದರಲ್ಲ, ಎರಡಕ್ಕೂ ನೆಟ್ಟಗೆ ಉತ್ತರ ಕೊಡಲು ಆಗಲಿಲ್ಲ. ಒಂದು, "ಡಿಎನ್‌ಎ ರಿಪೇರಿ ಲ್ಯಾಬ್ ಅಂತೀಯ, ಅಲ್ಲಿ ನೀನು ರಿಪೇರಿ ಮಾಡೋದಾದರೂ ಏನು?" ಇನ್ನೊಂದು, ಅಮ್ಮನ ಮಂಡಿಗೆ ಮತ್ತೆ ಎಕ್ಸ್‌ರೇ ಬೇಕಂತೆ, ಪದೇಪದೇ ತೆಗೆಸಿದರೆ ಕ್ಯಾನ್ಸರ್ ಬರಲ್ವಾ ಅಂತ. ಎರಡೂ ಹೆಚ್ಚುಕಡಿಮೆ ಒಂದೇ ವಿಷಯ. ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು.

ಅಪ್ಪ, ನಾನು ಏನನ್ನೂ ರಿಪೇರಿ ಮಾಡುವುದಿಲ್ಲ. ನನ್ನ ಕೆಲಸ ಮುರಿಯುವುದು. ರಿಪೇರಿ ಮಾಡಿಕೊಳ್ಳುವುದು ಜೀವಕೋಶ. ಅದು ಹೇಗೆ ಮಾಡಿಕೊಳ್ಳುತ್ತದೆ ಅಂತ ನೋಡುತ್ತಾ ಕೂರುವುದಕ್ಕೆ ನನಗೆ ಸಂಬಳ!

ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಕೋಶಗಳ ಮೇಲೆ ಎಕ್ಸ್‌ರೇ ಬಿಡುತ್ತೇವೆ. ಒಂದು ಗ್ರೇ (ಇದು ಕಿರಣದ ಪ್ರಮಾಣ ಅಳೆಯುವ ಮಾನ) ಅನ್ನುವಷ್ಟು ಕೊಟ್ಟರೆ ಪ್ರತಿ ಕೋಶದಲ್ಲೂ ಡಿಎನ್‌ಎ ಸುಮಾರು 20ರಿಂದ 40 ಕಡೆ ತುಂಡಾಗುತ್ತದೆ, ಅದರ ಜೋಡಿ ಎಳೆಗಳೆರಡೂ ಒಟ್ಟಿಗೆ. ಅರ್ಧ ಗಂಟೆ ಬಿಟ್ಟು, ಕೋಶಗಳನ್ನು ಇದ್ದ ಹಾಗೇ ನಿಲ್ಲಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕಪ್ಪು ಹಿನ್ನೆಲೆಯಲ್ಲಿ ನ್ಯೂಕ್ಲಿಯಸ್ ನೀಲಿಯಾಗಿ ಕಾಣುತ್ತದೆ. ಅದರೊಳಗೆ ಅಲ್ಲಲ್ಲಿ ಹಸಿರು ಚುಕ್ಕಿಗಳು. ಡಿಎನ್‌ಎ ಎಲ್ಲಿ ತುಂಡಾಯಿತೋ ಅದರ ಅಕ್ಕಪಕ್ಕದ ಹಿಸ್ಟೋನ್‌ಗಳ, ಅಂದರೆ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ಗಳ ಮೇಲೆ ಕೋಶ ತಾನೇ ಗುರುತು ಹಾಕುತ್ತದೆ. ನಮ್ಮ ಬಣ್ಣ ಅಂಟುವುದು ಆ ಗುರುತಿಗೆ. ಜೊತೆಯಲ್ಲೇ ಎಕ್ಸ್‌ರೇ ಕೊಟ್ಟ ಇನ್ನೊಂದು ತಟ್ಟೆಯನ್ನು ಮಾರನೆಯ ದಿನ ನೋಡಿದರೆ ಹೆಚ್ಚಿನ ಚುಕ್ಕಿಗಳು ಇರುವುದೇ ಇಲ್ಲ. ಒಂದೋ ಎರಡೋ ಹಟ ಹಿಡಿದು ಉಳಿದಿರುತ್ತವೆ. ನಮಗೆ ಬೇಕಾದದ್ದು ಅವೇ.

ಅಮ್ಮನ ಎಕ್ಸ್‌ರೇ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎದೆಯ ಎಕ್ಸ್‌ರೇಯಿಂದ ಮೈಗೆ ತಗಲುವುದು ಸುಮಾರು 0.1 ಮಿಲಿಸೀವರ್ಟ್. ಮಂಡಿಯದು ಅದಕ್ಕಿಂತ ಎಷ್ಟೋ ಕಡಿಮೆ. ಸುಮ್ನೆ ಮನೆಯಲ್ಲಿ ಕೂತಿದ್ದರೂ ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ನನ್ನ ತಟ್ಟೆಗಳಿಗೆ ಬೀಳುವ ಒಂದು ಗ್ರೇ ಅಂದರೆ ಸುಮಾರು ಸಾವಿರ ಮಿಲಿಸೀವರ್ಟ್, ಎದೆಯ ಎಕ್ಸ್‌ರೇಯ ಹತ್ತು ಸಾವಿರ ಪಟ್ಟು, ಅವೇ ಬಹುಪಾಲು ಸರಿಮಾಡಿಕೊಳ್ಳುತ್ತವೆ. ಡಾಕ್ಟರು ಬೇಕು ಅಂದಿದ್ದರೆ ಧೈರ್ಯವಾಗಿ ತೆಗೆಸಿ. ಸಿಟಿ ಸ್ಕ್ಯಾನ್ ಲೆಕ್ಕ ಬೇರೆ, ಅದರಲ್ಲಿ ಪ್ರಮಾಣ ಜಾಸ್ತಿ. ಅದನ್ನು ಕಾರಣ ಇಲ್ಲದೆ ಮಾಡಿಸಬಾರದು.

ನಿಜ ಹೇಳಬೇಕೆಂದರೆ, ಹೊರಗಿನ ಕಿರಣಗಳಿಗೆ ನಾವು ಹೆದರುವಷ್ಟು ಒಳಗಿನ ನೀರಿಗೆ ಹೆದರುವುದಿಲ್ಲ. ಡಿಎನ್‌ಎಗೆ ದಿನಾ ಬೀಳುವ ಏಟಿನಲ್ಲಿ ದೊಡ್ಡ ಪಾಲು ನಮ್ಮ ಮೈಯೊಳಗಿನ ನೀರು, ಆಮ್ಲಜನಕ ಮತ್ತು ಬಿಸಿಯಿಂದಲೇ. 1970ರ ಸುಮಾರಿಗೆ ಡಿಎನ್‌ಎ ತುಂಬಾ ಗಟ್ಟಿ ವಸ್ತು ಅಂತ ಎಲ್ಲರೂ ನಂಬಿದ್ದರು. ಟೊಮಾಸ್ ಲಿಂಡಾಲ್ ಅನ್ನುವ ಸ್ವೀಡನ್ನಿನ ವಿಜ್ಞಾನಿಗೆ ಮಾತ್ರ ಸಂಶಯ ಬಂತು. ಅಳೆದು ನೋಡಿದರು. ಒಂದೇ ಕೋಶದಲ್ಲಿ ದಿನಕ್ಕೆ ಡಿಎನ್‌ಎಯ ಸಾವಿರಾರು ಅಕ್ಷರಗಳು (ಅದರ ರಾಸಾಯನಿಕ ಬಿಡಿಭಾಗಗಳು) ತಾವಾಗಿಯೇ ಕಳಚಿಬೀಳುತ್ತವೆ ಅಂತ ಲೆಕ್ಕ ಬಂತು. ಹಾಗಿದ್ದರೆ ನಾವು ಯಾರೂ ಬದುಕಿರಬಾರದಿತ್ತು. ಅಂದರೆ ಒಳಗೆ ಯಾರೋ ಸರಿಮಾಡುತ್ತಲೇ ಇದ್ದಾರೆ ಅಂತಾಯಿತಲ್ಲ? 1974ರಲ್ಲಿ ಅಂಥ ಒಂದು ಕಿಣ್ವ ಅವರ ಕೈಗೆ ಸಿಕ್ಕಿತು.

ಆ ಕಿಣ್ವದ ಕೆಲಸ ನನಗೆ ತುಂಬಾ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಎನ್‌ಎಯ ನಾಲ್ಕು ಅಕ್ಷರ ಎ, ಟಿ, ಜಿ, ಸಿ. ಇವುಗಳಲ್ಲಿ ಸಿ ನೀರಿನ ಸಹವಾಸದಿಂದ ಆಗಾಗ ಯು ಅನ್ನುವ ಬೇರೊಂದು ಅಕ್ಷರ ಆಗಿಬಿಡುತ್ತದೆ. ಡಿಎನ್‌ಎಯ ನಂಟ ಆರ್‌ಎನ್‌ಎಯಲ್ಲಿ ಯು ಮಾಮೂಲಿ. ಡಿಎನ್‌ಎ ಮಾತ್ರ ಅದರ ಬದಲು ಟಿ ಇಟ್ಟುಕೊಂಡಿದೆ. ಟಿ ಮಾಡಲು ಕೋಶಕ್ಕೆ ಖರ್ಚು ಜಾಸ್ತಿ, ಆದರೂ ಯಾಕೆ? ಡಿಎನ್‌ಎಯಲ್ಲಿ ಯು ಕಂಡರೆ ಅದು ಕೆಟ್ಟುಹೋದ ಸಿ ಇರಬೇಕು ಅಂತ ತಕ್ಷಣ ಗೊತ್ತಾಗಲಿ ಅಂತ! ಯು ಮಾಮೂಲಿ ಅಕ್ಷರವೇ ಆಗಿದ್ದರೆ ಯಾವುದು ಅಸಲಿ, ಯಾವುದು ಕೆಟ್ಟದ್ದು ಅಂತ ಹೇಳುವುದು ಹೇಗೆ? ಲಿಂಡಾಲ್ ಅವರ ಕಿಣ್ವ ಆ ಯು ಅನ್ನು ಕಿತ್ತು ಹಾಕುತ್ತದೆ. ಇನ್ನೊಂದು ಆ ಜಾಗದಲ್ಲಿ ಎಳೆ ಕತ್ತರಿಸುತ್ತದೆ. ಸಿಗೆ ಜೋಡಿ ಜಿ, ಅದು ಎದುರಿನ ಎಳೆಯಲ್ಲಿ ಇನ್ನೂ ಇರುತ್ತದಲ್ಲ, ಅದನ್ನು ನೋಡಿ ಮತ್ತೊಂದು ಕಿಣ್ವ ಸಿ ತುಂಬುತ್ತದೆ. ಕೊನೆಯದು ಬಾಯಿ ಮುಚ್ಚುತ್ತದೆ.

ಬಿಸಿಲಿನ ಏಟಿಗೆ ಬೇರೆ ಏರ್ಪಾಡು. ನೇರಳಾತೀತ ಕಿರಣ ಅಕ್ಕಪಕ್ಕದ ಎರಡು ಟಿಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಕೋಶ ಆ ಎಳೆಯಲ್ಲಿ ಸುಮಾರು 30 ಅಕ್ಷರದಷ್ಟು ಕತ್ತರಿಸಿ ತೆಗೆದು ಹೊಸದಾಗಿ ತುಂಬಿಕೊಳ್ಳುತ್ತದೆ. ಇದನ್ನು ಬಿಡಿಸಿ ತೋರಿಸಿದ್ದು ಅಜೀಜ್ ಸಂಜಾರ್. ನಕಲು ಮಾಡುವಾಗ ಆಗುವ ಕಾಗುಣಿತ ತಪ್ಪನ್ನು ಕೋಶ ತಿದ್ದುವ ಬಗೆ ತೋರಿಸಿದ್ದು ಪಾಲ್ ಮಾಡ್ರಿಚ್. ಲಿಂಡಾಲ್ ಸೇರಿ ಈ ಮೂವರಿಗೂ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಬಿಸಿಲಿನ ಹಾನಿ ಸರಿಮಾಡುವ ಈ ಏರ್ಪಾಡೇ ಹುಟ್ಟಿನಿಂದ ಇಲ್ಲದ ಮಕ್ಕಳೂ ಇದ್ದಾರೆ. ಅವರು ಹಗಲು ಹೊರಗೆ ಬರುವುದೇ ಕಷ್ಟ, ಎಳೆಯ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ಕಾರಣ ರಿಪೇರಿಯ ಕೊರತೆ ಅಂತ 1968ರಲ್ಲಿ ಗೊತ್ತಾಯಿತು.

ಇವೆಲ್ಲ ಒಂದು ಎಳೆ ಕೆಟ್ಟಾಗಿನ ಮಾತು. ಎರಡೂ ಎಳೆ ತುಂಡಾದರೆ ನೋಡಿ ಬರೆದುಕೊಳ್ಳಲು ಎದುರಿನ ಎಳೆ ಇರುವುದಿಲ್ಲ. ನನ್ನ ಹಸಿರು ಚುಕ್ಕಿಗಳು ಈ ಜಾತಿಯವು. ಆಗ ಕೋಶದ ಮುಂದೆ ಮುಖ್ಯವಾಗಿ ಎರಡು ದಾರಿ. ಒಂದು, ತುದಿಗಳನ್ನು ಹೇಗೋ ಸೇರಿಸಿಬಿಡುವುದು. ಹರಿದ ಬಟ್ಟೆಯ ಅಂಚು ಕೂಡಿಸಿ ಹೊಲಿದ ಹಾಗೆ, ಬೇಗ ಆಗುತ್ತದೆ, ಒಂದೆರಡು ನೂಲು ಹೋಗಿರುತ್ತದೆ. ಇನ್ನೊಂದು ನಿಧಾನದ ದಾರಿ. ಕೋಶ ಇಬ್ಭಾಗವಾಗುವ ಮುಂಚೆ ಡಿಎನ್‌ಎಯ ಇನ್ನೊಂದು ಪ್ರತಿ ಮಾಡಿಕೊಂಡಿರುತ್ತದೆ. ಅದನ್ನು ನೋಡಿ ಅಕ್ಷರ ಬಿಡದೆ ತಿದ್ದಿಕೊಳ್ಳುವುದು. ಏನು ಮಾಡಿದರೂ ಸರಿಹೋಗದಿದ್ದರೆ ಪಿ53 ಅನ್ನುವ ಪ್ರೋಟೀನ್ ಕೋಶ ಇಬ್ಭಾಗವಾಗದಂತೆ ತಡೆಯುತ್ತದೆ, ಇಲ್ಲವೇ ಕೋಶವನ್ನೇ ಸಾಯಿಸುತ್ತದೆ. ಇದು ನಿರ್ದಯ ಅನ್ನಿಸಬಹುದು. ಕೆಟ್ಟ ಕೋಶ ಬೆಳೆಯುತ್ತಾ ಹೋಗುವುದಕ್ಕಿಂತ ಎಷ್ಟೋ ವಾಸಿ.

ಆ ನಿಧಾನದ ದಾರಿಗೆ ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನುವ ಜೀನ್‌ಗಳು ಬೇಕೇ ಬೇಕು. ಇವುಗಳಲ್ಲಿ ಒಂದು ಕೆಟ್ಟು ಹುಟ್ಟಿದವರಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ತುಂಬಾ ಹೆಚ್ಚು. ಆದರೆ ಇಲ್ಲೊಂದು ತಮಾಷೆ ಇದೆ. ಅಂಥವರ ಕ್ಯಾನ್ಸರ್ ಗೆಡ್ಡೆಯ ಕೋಶಗಳಿಗೆ ಆ ದಾರಿ ಮೊದಲೇ ಮುಚ್ಚಿಹೋಗಿರುತ್ತದೆ. ಪಾರ್ಪ್ ಅನ್ನುವ ಇನ್ನೊಂದು ರಿಪೇರಿ ಕಿಣ್ವವನ್ನೂ ಔಷಧಿಯಿಂದ ತಡೆದರೆ ಅವು ಸಾಯುತ್ತವೆ, ಪಕ್ಕದ ಒಳ್ಳೆಯ ಕೋಶಗಳು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಇದನ್ನು 2005ರಲ್ಲಿ ಲ್ಯಾಬ್‌ನಲ್ಲಿ ತೋರಿಸಿದರು. 2014ರಲ್ಲಿ ಪಾರ್ಪ್ ತಡೆಯುವ ಒಲಾಪರಿಬ್ ಅನ್ನುವ ಔಷಧಿಗೆ ಅಮೆರಿಕ, ಯುರೋಪ್ ಎರಡೂ ಕಡೆ ಒಪ್ಪಿಗೆ ಸಿಕ್ಕಿತು.

ತೊಂದರೆ ಏನೆಂದರೆ, ಕೆಲವು ಗೆಡ್ಡೆಗಳು ಮತ್ತೆ ರಿಪೇರಿ ಕಲಿತುಬಿಡುತ್ತವೆ. ಕೆಟ್ಟಿದ್ದ ಬಿಆರ್‌ಸಿಎ ಜೀನಿನಲ್ಲೇ ಇನ್ನೊಂದು ಬದಲಾವಣೆಯಾಗಿ ಅದು ಕೆಲಸಕ್ಕೆ ಬರುವಂತಾಗುತ್ತದೆ, ಔಷಧಿ ನಾಟುವುದಿಲ್ಲ. ಅಂಥ ಕೋಶಗಳಲ್ಲಿ ಚುಕ್ಕಿಗಳು ಎಷ್ಟು ಬೇಗ ಹೋಗುತ್ತವೆ ಅಂತ ಎಣಿಸುವುದೇ ಸದ್ಯಕ್ಕೆ ನನ್ನ ಕೆಲಸ. ನಾಳೆ ಬೆಳಿಗ್ಗೆಯೂ ಅದೇ, ಬೇಗ ಹೋಗಬೇಕು.

ಮಂಡಿಯ ಎಕ್ಸ್‌ರೇಯಲ್ಲಿ ಏನು ಬಂತು ಅಂತ ತಿಳಿಸಿ.

ನಿಮ್ಮ ಪ್ರೀತಿಯ ಮಗಳು