ಗಿಡದ ಬಣ್ಣಕ್ಕೂ ಪರೀಕ್ಷೆ ಬೇಕು: ಜವಳಿ ಸಚಿವರಿಗೆ ಬೆಟಗೇರಿಯಿಂದ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಜವಳಿ ಸಚಿವರಿಗೆ,

ನಮಸ್ಕಾರಗಳು.

ಗದಗ-ಬೆಟಗೇರಿಯ ನೇಕಾರ ಮನೆತನದಲ್ಲಿ ಹುಟ್ಟಿ, ಹನ್ನೆರಡು ವರ್ಷಗಳಿಂದ ಗಿಡಮೂಲದ ಬಣ್ಣಗಳಲ್ಲಿ ನೂಲು ಅದ್ದುತ್ತ ಬಂದಿರುವ ನಾನು, ಇಂಥ ಬಟ್ಟೆಗೆ ಪ್ರೋತ್ಸಾಹ ನೀಡುವ ಮಾತು ಬಂದಾಗಲೆಲ್ಲ ಬಿಟ್ಟುಹೋಗುವ ಒಂದು ವಿಷಯವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಈ ಬಣ್ಣಗಳು ತೊಟ್ಟವರ ಮೈಗೆ ಏನು ಮಾಡುತ್ತವೆ ಎಂಬುದನ್ನು ಪರೀಕ್ಷಿಸಿಕೊಳ್ಳುವುದು ನಮ್ಮಂಥ ಸಣ್ಣವರ ಕೈಗೆ ಎಟಕುವಂತಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮಿಂದ ಕುಂಚಿಗೆ ಕೊಂಡಿದ್ದ ತಾಯಿಯೊಬ್ಬರು, ಕೂಸಿನ ಕುತ್ತಿಗೆಯ ಸುತ್ತ ಕೆಂಪು ಗುಳ್ಳೆಗಳೆದ್ದಿವೆ ಎಂದು ಅದನ್ನು ಮರಳಿ ತಂದರು. "ಗಿಡದ ಬಣ್ಣ ಅಂತ ನಂಬಿ ಒಯ್ದಿದ್ದೆನ್ರೀ ಅಕ್ಕಾರ" ಎಂದರು. ಆ ನೂಲನ್ನು ದಾಳಿಂಬೆ ಸಿಪ್ಪೆಯ ರಸದಲ್ಲಿ ಕುದಿಸಿ, ಹಸಿರು ಛಾಯೆ ಬರಲೆಂದು ಮೈಲುತುತ್ತದ, ಅಂದರೆ ತಾಮ್ರದ ಲವಣದ, ನೀರಿನಲ್ಲಿ ಅದ್ದಿದ್ದೆ. ತೊಂದರೆ ಸಿಪ್ಪೆಯದೋ, ಮೈಲುತುತ್ತದ್ದೋ, ಬರೀ ಬೆವರಿನದೋ ನನಗೆ ತಿಳಿಯಲಿಲ್ಲ. ಹಣ ಮರಳಿಸಿದೆ, ಉತ್ತರ ಕೊಡಲಾಗಲಿಲ್ಲ.

ಕ್ಯಾನ್ಸರ್ ತರಬಲ್ಲ ಅಮೀನುಗಳೆಂಬ ರಾಸಾಯನಿಕಗಳನ್ನು ಬಿಡುವ ಕೆಲವು ಅಜೋ ಬಣ್ಣಗಳನ್ನು (ಇವು ಕಾರ್ಖಾನೆಯ ಕೃತಕ ಬಣ್ಣಗಳು) ನಮ್ಮ ದೇಶ 1997ರಲ್ಲಿ ನಿಷೇಧಿಸಿದ್ದು ಸರಿಯಾದ ಕ್ರಮವೇ. ಹಾಗೆಂದು ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿ ಎನ್ನಲಾಗದು. ಬೇರಿನಿಂದ ಕೆಂಪು ಕೊಡುವ ನಮ್ಮ ಮಂಜಿಷ್ಠದ ಬಳಗಕ್ಕೇ ಸೇರಿದ ಮ್ಯಾಡರ್ ಬೇರಿನ ಬಣ್ಣವು ಇಲಿಗಳ ಮೂತ್ರಪಿಂಡದಲ್ಲಿ ಗೆಡ್ಡೆ ತಂದುದನ್ನು ಕಂಡು, ಜಪಾನ್ 2004ರಲ್ಲಿ ಅದನ್ನು ಆಹಾರಕ್ಕೆ ಬಳಸದಂತೆ ತಡೆಯಿತು. ತಿನ್ನುವುದು ಬೇರೆ, ಉಡುವುದು ಬೇರೆ, ನಿಜ. ಆದರೆ ಆ ವ್ಯತ್ಯಾಸ ಎಷ್ಟೆಂದು ಹೇಳಬೇಕಾದದ್ದು ಪರೀಕ್ಷೆಯೇ ಹೊರತು ನಮ್ಮ ನಂಬಿಕೆಯಲ್ಲ. ಬಣ್ಣ ಹಿಡಿಸಲು ಬಳಸುವ ಲೋಹದ ಲವಣಗಳ ಬಗೆಗಂತೂ ಹೆಚ್ಚು ಎಚ್ಚರ ಬೇಕು: ಪಟಿಕವನ್ನೂ ಕ್ರೋಮಿಯಂ ಲವಣವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಗುಣದ ಮಾತಿಗೂ ಇದೇ ಅನ್ವಯಿಸುತ್ತದೆ. ದಾಳಿಂಬೆ ಸಿಪ್ಪೆಯ ಒಗರಿನ ಅಂಶಗಳು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಆ ಶಕ್ತಿ ಹತ್ತು ಒಗೆತಗಳ ಬಳಿಕ ನಮ್ಮ ಬಟ್ಟೆಯಲ್ಲಿ ಉಳಿದಿರುತ್ತದೆಯೇ ಎಂದು ನೋಡದೆ 'ರೋಗಾಣು ನಿರೋಧಕ' ಎಂದು ಚೀಟಿ ಅಂಟಿಸಲು ನನ್ನ ಮನಸ್ಸು ಒಪ್ಪದು.

ನಮ್ಮ ಎರೆಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಕುಸುಬೆಯ ಎಸಳಿನಲ್ಲಿ ಎರಡು ಬಣ್ಣಗಳಿವೆ. ಹಳದಿ ತಣ್ಣೀರಿಗೇ ಬಿಡುತ್ತದೆ. ಅದು ಪೂರ್ತಿ ಹೋದ ಮೇಲೆ ಬಟ್ಟೆ ಒಗೆಯುವ ಸೋಡಾ ಕರಗಿಸಿದ ನೀರಿನಲ್ಲಿ ನೆನೆಸಿ, ನಿಂಬೆರಸ ಹಿಂಡಿದರೆ, ಕಣ್ಣೆದುರೇ ಕೆಂಪು ತೇಲಿಬರುತ್ತದೆ. ಮೊದಲ ಸಲ ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷವಾಗಿತ್ತು. ಅಂಥ ಎಸಳು ಹೊಲದಲ್ಲೇ ಉದುರಿ ಮಣ್ಣಾಗುತ್ತಿದೆ. ನೆರೆಯ ಬ್ಯಾಡಗಿಯ ಮೆಣಸಿನಕಾಯಿಗಾದರೋ ಬಣ್ಣವನ್ನು ಅಳೆದು ಬೆಲೆ ಕಟ್ಟುವವರಿದ್ದಾರೆ; ನಮ್ಮ ಕುಸುಬೆಯ ಎಸಳನ್ನು ಹಾಗೆ ಪರೀಕ್ಷಿಸಿ ನೋಡುವವರಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜವಳಿ ತಜ್ಞರನ್ನೂ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಚರ್ಮರೋಗ ತಜ್ಞರನ್ನೂ ಒಂದೆಡೆ ಸೇರಿಸಿ, ನೇಕಾರರೂ ಬಣ್ಣ ಹಾಕುವವರೂ ಒಂದು ಲಡಿ ನೂಲು ಒಯ್ದು ಕೊಟ್ಟರೆ ಅದರಲ್ಲಿ ಉಳಿದ ಲೋಹದ ಪ್ರಮಾಣ, ಬಣ್ಣದ ಬಾಳಿಕೆ, ಚರ್ಮದ ಮೇಲಿನ ಪರಿಣಾಮಗಳನ್ನು ಕಡಿಮೆ ಶುಲ್ಕದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಬರೆದುಕೊಡುವ ಕೇಂದ್ರವೊಂದನ್ನು ತೆರೆಯಿರಿ. ಆ ಕುಂಚಿಗೆಯನ್ನು ನಾನು ಒಗೆಯದೆ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಕೇಂದ್ರ ತೆರೆದ ದಿನ ಮೊದಲು ಅದನ್ನೇ ತರುತ್ತೇನೆ.

ತಮ್ಮ ವಿಶ್ವಾಸಿ,
ಬೆಟಗೇರಿಯ ಒಬ್ಬ ಬಣ್ಣಗಾರ್ತಿ