ಅಲ್ಟ್ರಾಸೌಂಡ್‌ಗೆ ಇನ್ನೊಂದು ಮುಖವೂ ಇದೆ

ಮಾನ್ಯರೇ,

2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ನಡೆಯುತ್ತಿದ್ದ ಭ್ರೂಣಲಿಂಗ ಪತ್ತೆ ದಂಧೆ ಬಯಲಾದ ಮೇಲೆ, ಅಲ್ಟ್ರಾಸೌಂಡ್ ಎಂದರೆ ನಮ್ಮ ಜಿಲ್ಲೆಯವರು ತಲೆತಗ್ಗಿಸುವಂತಾಗಿದೆ. ಅದೇ ಶಬ್ದತರಂಗ ಜೀವ ಉಳಿಸುವ ಹೊಸ ದಾರಿಯೊಂದನ್ನು ತೆರೆಯುತ್ತಿರುವುದೂ ಜನರಿಗೆ ತಿಳಿಯಬೇಕು.

ದೋಷವಿರುವ ಜೀನ್ (ವಂಶವಾಹಿ) ತರುವ ಕಾಯಿಲೆಗಳಿಗೆ ಕೊಡುವ ಜೀನ್ ಚಿಕಿತ್ಸೆಯಲ್ಲಿ, ರೋಗ ತರುವ ಶಕ್ತಿಯನ್ನು ತೆಗೆದುಹಾಕಿದ ವೈರಸ್ಸಿನೊಳಗೆ ಸರಿಯಾದ ಜೀನ್ ಇಟ್ಟು ದೇಹಕ್ಕೆ ಸೇರಿಸುತ್ತಾರೆ. ತೊಡಕಿರುವುದು ಅಲ್ಲಿಂದಾಚೆ. ರಕ್ತ ಸೇರಿದ ವೈರಸ್ ಹೃದಯಕ್ಕೇ ಹೋಗು ಎಂದರೆ ಹೋಗುವುದಿಲ್ಲ. ಬಹುಪಾಲು ಯಕೃತ್ತಿಗೆ ಸೇರುತ್ತದೆ. ಪ್ರಮಾಣ ಹೆಚ್ಚಿಸಿದರೆ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬೀಳಬಹುದು. 1999ರಲ್ಲಿ ಅಮೆರಿಕದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಪ್ರಾಣ ಕಳೆದುಕೊಂಡದ್ದು ಅಂಥ ಪ್ರತಿಕ್ರಿಯೆಯಿಂದಲೇ.

ಇದಕ್ಕೆ ವಿಜ್ಞಾನಿಗಳು ಹುಡುಕಿರುವ ಉಪಾಯ ನಿಜಕ್ಕೂ ಸೊಗಸಾಗಿದೆ. ಕೊಬ್ಬಿನ ತೆಳುಪೊರೆಯ, ಕೆಂಪು ರಕ್ತಕಣಕ್ಕಿಂತ ಚಿಕ್ಕದಾದ ಅನಿಲದ ಗುಳ್ಳೆಗಳಲ್ಲಿ ವೈರಸ್ಸನ್ನು ಸೇರಿಸಿ ರಕ್ತಕ್ಕೆ ಬಿಡುತ್ತಾರೆ. ಬೇಕಾದ ಅಂಗದ ಮೇಲೆ ಹೊರಗಿನಿಂದ ಅಲ್ಟ್ರಾಸೌಂಡ್ ಹಾಯಿಸಿದಾಗ ಗುಳ್ಳೆಗಳು ಹಿಗ್ಗಿ, ಕುಗ್ಗಿ, ಒಡೆಯುತ್ತವೆ. ಪಕ್ಕದ ಜೀವಕೋಶಗಳ ಪೊರೆಯಲ್ಲಿ ಕ್ಷಣಕಾಲ ಸಣ್ಣ ರಂಧ್ರಗಳು ಮೂಡಿ ವೈರಸ್ಸಿಗೆ ಅಲ್ಲೇ ದಾರಿಯಾಗುತ್ತದೆ. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಸದ್ಯ ಇದು ಹೆಚ್ಚಾಗಿ ಪ್ರಯೋಗಾಲಯ ಮತ್ತು ಪ್ರಾಣಿಗಳ ಮೇಲಿನ ಪ್ರಯೋಗದ ಹಂತದಲ್ಲಿದೆ. ಇಲ್ಲೇ ಮಾಡಿಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ನಂಬಬೇಡಿ.

ಆದರೆ ನಾವು ಸಿದ್ಧರಾಗುವುದು ಯಾವಾಗ? ಜೀನ್ ದೋಷದಿಂದ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗ ಇರುವ ನನ್ನ ವಿದ್ಯಾರ್ಥಿಯೊಬ್ಬ ಊದಿದ ಮೊಣಕಾಲನ್ನು ಬೆಂಚಿನ ಮೇಲೆ ಚಾಚಿಕೊಂಡೇ ಪಾಠ ಕೇಳುತ್ತಾನೆ. ಮೈಸೂರು ಮತ್ತು ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಆನುವಂಶಿಕ ರೋಗಗಳ ಚಿಕಿತ್ಸೆಯನ್ನು ಬಲಪಡಿಸಿ, ಇಂಥ ಮಕ್ಕಳ ನೋಂದಣಿಗೆ ಸರ್ಕಾರ ಈಗಲೇ ಮುಂದಾಗಬೇಕು.

— ಜೀವಶಾಸ್ತ್ರ ಶಿಕ್ಷಕಿ, ಮಂಡ್ಯ