ಎಚ್‌ಡಿ ಚಾನೆಲ್‌ಗೆ ಹೋಗುತ್ತಿದ್ದೇವೆ: ನಮ್ಮ ಜಾಹೀರಾತುದಾರರಿಗೆ ಒಂದು ಪತ್ರ

ಆತ್ಮೀಯರೇ, ನಮಸ್ಕಾರ.

ಇಷ್ಟು ದಿನ ಇಂಟರ್‌ನೆಟ್‌ನಲ್ಲಿ ಮಾತ್ರ ಬರುತ್ತಿದ್ದ ನಮ್ಮ ಸಹಕಾರಿ ಬಳಗದ ವಾರದ ಕನ್ನಡ ಕಾರ್ಯಕ್ರಮ ಮುಂದಿನ ತಿಂಗಳಿಂದ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ) ಒಂದು ಕಾಲೇಜು ರೇಡಿಯೋದ ಎಚ್‌ಡಿ-2, ಅಂದರೆ ಅದರ ಡಿಜಿಟಲ್ ಪ್ರಸಾರದ ಎರಡನೇ ಚಾನೆಲ್‌ನಲ್ಲೂ ಬರಲಿದೆ. ಎಚ್‌ಡಿ ರೇಡಿಯೋ ಇರುವ ಕಾರಿನಲ್ಲಿ ಫೋನ್ ಮುಟ್ಟದೆಯೇ ಕೇಳಬಹುದು. ಖುಷಿಯ ವಿಷಯವೇ. ಆದರೆ ನಿಮ್ಮ ಜಾಹೀರಾತಿನ ಮಾತು ಬದಲಾಗಬೇಕು.

ಆ ಸ್ಟೇಷನ್ನಿನದು ನಾನ್-ಕಮರ್ಷಿಯಲ್ ಲೈಸೆನ್ಸ್. ಅಂಥವರು ದುಡ್ಡು ತೆಗೆದುಕೊಂಡು ವ್ಯಾಪಾರದ ಜಾಹೀರಾತು ಹಾಕುವಂತಿಲ್ಲ. 1981ರಲ್ಲಿ ಅಮೆರಿಕದ ಸಂಪರ್ಕ ಕಾಯ್ದೆಗೆ ಸೇರಿಸಿದ 399ಬಿ ಕಲಂ ಹೇಳುವುದು ಇದನ್ನೇ. ನೆರವು ಕೊಟ್ಟವರು ಯಾರು, ಅವರದ್ದೇನು ವ್ಯಾಪಾರ ಅಂತ ತಿಳಿಸಬಹುದು, ಅಷ್ಟೇ. ಇದೇ ಅಂಡರ್‌ರೈಟಿಂಗ್. "ಎಚ್‌ಡಿ-2 ಬೇರೆ ಚಾನೆಲ್ ಅಲ್ವಾ, ಅದಕ್ಕೂ ಇದೆಯಾ?" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಇದೆ. ಆ ಚಾನೆಲ್ ನಡೆಯುವುದೂ ಅದೇ ಲೈಸೆನ್ಸಿನ ಮೇಲೆ. ಕನ್ನಡದಲ್ಲಿ ಹೇಳಿದರೆ ಯಾರಿಗೆ ಗೊತ್ತಾಗುತ್ತದೆ ಅನ್ನುವ ಧೈರ್ಯವೂ ಬೇಡ. ನಿಯಮಕ್ಕೆ ಭಾಷೆಯ ಭೇದವಿಲ್ಲ.

ಒಂದು ಸಿಹಿ ಅಂಗಡಿಯ ಜಾಹೀರಾತು ಈಗ ಹೀಗಿದೆ ಅಂದುಕೊಳ್ಳಿ: "ಇಂಥ ಮೈಸೂರು ಪಾಕ್ ಬೇರೆಲ್ಲೂ ಸಿಗಲ್ಲ! ಪೌಂಡಿಗೆ ಬರೀ 12 ಡಾಲರ್! ಎರಡು ಪೌಂಡ್ ಕೊಂಡರೆ ಕೋಡುಬಳೆ ಫ್ರೀ. ಇವತ್ತೇ ಬನ್ನಿ!" ಇದರಲ್ಲಿ ಒಂದು ಸಾಲೂ ಉಳಿಯುವುದಿಲ್ಲ. ಹೋಲಿಕೆ, ಹೊಗಳಿಕೆ, ಬೆಲೆ, ಆಮಿಷ, ಕರೆಯುವುದು ಎಲ್ಲಕ್ಕೂ ನಿಷೇಧ. ಹೊಸದು ಹೀಗಿರುತ್ತದೆ: "ಈ ಕಾರ್ಯಕ್ರಮಕ್ಕೆ ನೆರವು ನೀಡಿದವರು ಇಂಥ ಅಂಗಡಿ, ಇಂಥ ರಸ್ತೆ, ಇಂಥ ಊರು. ಮೈಸೂರು ಪಾಕ್, ಚಿರೋಟಿ, ಕೋಡುಬಳೆ ಮಾರುತ್ತಾರೆ." ಫೋನ್ ನಂಬರ್ ಹೇಳಬಹುದು, "ಫೋನ್ ಮಾಡಿ" ಅನ್ನುವಂತಿಲ್ಲ. "ಶುದ್ಧ ತುಪ್ಪದ್ದು" ಅನ್ನುವ ಬದಲು "ತುಪ್ಪದಲ್ಲಿ ಮಾಡಿದ್ದು" ಅಂತಲೇ ಬರೆಯೋಣ. ಸುಮ್ನೆ ಯಾಕೆ ತಕರಾರು? ನನ್ನ ಕೇಳಿದರೆ, ಕೂಗಾಟ ಇಲ್ಲದ ಈ ಹೊಸ ರೂಪವೇ ಕಿವಿಗೆ ಹಿತ.

ತೆರಿಗೆ ಮತ್ತು ಸಾಲದ ಏಜೆಂಟರು ಗಮನಿಸಿ: ಬಡ್ಡಿ ದರವೂ ಬೆಲೆಯೇ. "7.7% ಬಡ್ಡಿಗೆ ಈಗಲೇ ಲಭ್ಯ" ಎಂಬಂಥ ಮಾತನ್ನು ಅಮೆರಿಕದ ರೇಡಿಯೋ-ಟೀವಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 1986ರಲ್ಲೇ ತಪ್ಪಿನ ಉದಾಹರಣೆಯಾಗಿ ಕೊಟ್ಟಿದೆ. ಸ್ಕೂಲ್ ಬೋರ್ಡ್ ಚುನಾವಣೆಗೆ ನಿಂತವರ ಪರವಾಗಿ ದುಡ್ಡು ಕೊಟ್ಟು ಹೇಳಿಸುವುದಕ್ಕೂ ಅವಕಾಶವಿಲ್ಲ.

ಕನ್ನಡ ಕೂಟಗಳಿಗೆ ಮಾತ್ರ ಈ ಕಟ್ಟು ಸಡಿಲ. ಲಾಭಕ್ಕಾಗಿ ನಡೆಯದ ಸಂಸ್ಥೆಗಳ ಪ್ರಕಟಣೆ ಕಾನೂನಿನ ಲೆಕ್ಕದಲ್ಲಿ ಜಾಹೀರಾತಲ್ಲ. ಯುಗಾದಿ ಊಟದ ಟಿಕೆಟ್ ಎಷ್ಟು ಅಂತಲೂ ಹೇಳಬಹುದು, ಬನ್ನಿ ಅಂತಲೂ ಕರೆಯಬಹುದು. ಅದೇ ಊಟ ಒದಗಿಸುವ ಹೋಟೆಲನ್ನು ಹೊಗಳುವಂತಿಲ್ಲ!

ಇಷ್ಟೊಂದು ಬಿಗಿ ಯಾಕೆ ಅನ್ನಿಸಬಹುದು. ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ನಾನ್-ಕಮರ್ಷಿಯಲ್ ಸ್ಟೇಷನ್ ಕೆಎಂಟಿಪಿ ಟೀವಿಗೆ ದುಡ್ಡು ಪಡೆದು ಜಾಹೀರಾತು ಹಾಕಿದ್ದಕ್ಕೆ 10,000 ಡಾಲರ್ ದಂಡ ಬಿತ್ತು. ವಾಕ್‌ಸ್ವಾತಂತ್ರ್ಯದ ಪ್ರಶ್ನೆ ಎತ್ತಿ ಅವರು ಕೋರ್ಟಿಗೆ ಹೋದರೂ 2013ರಲ್ಲಿ ನೈನ್ತ್ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ಕೋರ್ಟು ನಿಷೇಧವನ್ನೇ ಎತ್ತಿಹಿಡಿಯಿತು. 2025ರ ಜನವರಿಯಲ್ಲಿ ಎಫ್‌ಸಿಸಿ ಅಧ್ಯಕ್ಷ ಬ್ರೆಂಡನ್ ಕಾರ್ ಸಾರ್ವಜನಿಕ ಪ್ರಸಾರ ಜಾಲಗಳಾದ ಎನ್‌ಪಿಆರ್ (ರೇಡಿಯೋ), ಪಿಬಿಎಸ್ (ಟೀವಿ) ಸ್ಟೇಷನ್‌ಗಳ ಅಂಡರ್‌ರೈಟಿಂಗ್ ಬಗ್ಗೆ ತನಿಖೆಗೆ ಹೇಳಿದ ಮೇಲಂತೂ ನಮ್ಮ ಸ್ಟೇಷನ್ನಿನವರು ಜಾಸ್ತಿ ಹುಷಾರು. ದಂಡ ಬೀಳುವುದು ಲೈಸೆನ್ಸ್ ಇರುವ ಅವರ ಮೇಲೆ, ನಿಮ್ಮ ಮೇಲಲ್ಲ. ಆದ್ದರಿಂದ ಪ್ರತಿ ಸಾಲಿಗೂ ಅವರ ಒಪ್ಪಿಗೆ ಬೇಕು.

ಇಂಟರ್‌ನೆಟ್ಟಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೂ ಕಾರ್ಯಕ್ರಮ ಒಂದೇ ಆದ್ದರಿಂದ ಎರಡೂ ಕಡೆ ಒಂದೇ ರೆಕಾರ್ಡಿಂಗ್ ಹೋಗುತ್ತದೆ. ಬೆಲೆ, ಆಫರ್, ಕೂಪನ್ ನಮ್ಮ ವೆಬ್‌ಸೈಟಿನ ಪುಟದಲ್ಲಿ ಎಂದಿನಂತೆ ಇರುತ್ತವೆ, ಅದಕ್ಕೆ ಬೇರೆ ದುಡ್ಡಿಲ್ಲ. ನೀವು ಕಟ್ಟಿದ ಅವಧಿ ಮುಗಿಯುವವರೆಗೆ ದರ ಬದಲಾಗುವುದಿಲ್ಲ. ಈ ರೂಪ ಬೇಡ ಅನ್ನುವವರಿಗೆ ಉಳಿದ ವಾರಗಳ ಹಣ ವಾಪಸ್ ಕೊಡುತ್ತೇವೆ.

ನಿಮ್ಮ ಹೊಸ ಸಾಲುಗಳನ್ನು ನಾವೇ ಬರೆದು ಕಳಿಸುತ್ತೇವೆ. ವಿಳಾಸ, ನಂಬರ್, ತಿಂಡಿ-ಸಾಮಾನಿನ ಹೆಸರು ಸರಿ ಇದೆಯಾ ನೋಡಿ ಈ ತಿಂಗಳೊಳಗೆ ತಿಳಿಸಿ.

ಇಂತಿ,
ಬಳಗದ ಪರವಾಗಿ, ಕಾರ್ಯದರ್ಶಿ